ಇಪ್ಪತ್ತೇಳನೆಯ ಸಾಲು

ಬೆಳಗ್ಗೆ ಆರಕ್ಕೆ
ಫಾರೋ ಕಡಲಿನ ಕರೆಗಳೆಲ್ಲ ಹೊಸ ತಂತ್ರಾಂಶದ ಕಿವಿಗೆ.
ಟೋರ್ಷೌನಿನ ಈ ಕೋಣೆಯಲ್ಲಿ ಈ ರಾತ್ರಿ
ನಾವು ಮೂವರು, ಒಂದು ಪಟ್ಟಿ,
ಹೊರಗೆ ಮನೆಗಳ ಹುಲ್ಲುಚಾವಣಿ ಬಾಚುವ ಗಾಳಿ.

ಬಾರ್ದುರ್ ಆಗಲೇ ಕೇಕು ತಂದಿಟ್ಟಿದ್ದಾನೆ,
ಅದರ ಮೇಲೆ ಸಕ್ಕರೆಯ ದೋಣಿ.
"ಎಲ್ಲ ಹಸಿರು" ಅನ್ನುತ್ತಾನೆ, ಪರದೆ ತೋರಿಸಿ.
ಹೌದು, ಹಸಿರೇ.
ಒತ್ತಿದರೆ ತೆರೆಯುತ್ತದೆ, ಕೇಳಿದರೆ ಹೇಳುತ್ತದೆ,
ಅಲೆ ಅಳೆದು ದೋಣಿಗೆ ದಾರಿ ಹುಡುಕುವುದನ್ನೂ
ಕಲಿತಿದೆ ಜಾಣಮರಿ.
ನನಗೆ ಬೇಕಾದದ್ದು ಅದಲ್ಲ.
ಬಿದ್ದರೆ ಹೇಗೆ ಬೀಳುತ್ತದೆ,
ಬಿದ್ದ ಸದ್ದು ಯಾರಿಗೆ ಕೇಳಿಸುತ್ತದೆ,
ಎಬ್ಬಿಸಬೇಕಾದವರು ಆಗ ಎಲ್ಲಿ ಮಲಗಿರುತ್ತಾರೆ.

ಹಾಗಾಗಿ ಹನ್ನೊಂದೂವರೆಗೆ ನಾನೇ
ಒಂದನೆಯ ಸರ್ವರಿನ ತಂತಿ ಕಿತ್ತೆ.
ಎರಡನೆಯದು ತಡವರಿಸಿ ತಡವರಿಸಿ ಭಾರ ಹೊತ್ತುಕೊಂಡಿತು.
ನಾಲ್ಕು ನಿಮಿಷ. ಬರೆದುಕೊಂಡೆ.
ನಾಲ್ಕು ನಿಮಿಷ ಈ ನೀರಿನಲ್ಲಿದ್ದರೆ
ಬೆರಳಿಗೆ ಹಗ್ಗದ ಗಂಟು ಮರೆತುಹೋಗುತ್ತದೆ.
ಅದನ್ನು ಬರೆಯುವ ಜಾಗ ಪಟ್ಟಿಯಲ್ಲಿಲ್ಲ.

ಬ್ಯಾಕಪ್ ಇದೆಯಾ? ಇದೆ, ಎರಡು ವರ್ಷದ್ದು, ದಿನಕ್ಕೊಂದು.
ಒಮ್ಮೆಯಾದರೂ ತಿರುಗಿ ತಂದು ನೋಡಿದ್ದೀರಾ?
ಬೈಂಟಾ ಸ್ವೆಟರಿನ ತೋಳಿನಿಂದ ಒಂದು ಎಳೆ ಎಳೆಯುತ್ತಾಳೆ.
ತಂದೆವು.
ಮಂಗಳವಾರಗಳೆಲ್ಲ ಖಾಲಿ.
ಮಂಗಳವಾರವೇ ಯಾಕೆ? ಯಾರಿಗೂ ಗೊತ್ತಿಲ್ಲ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದವರು
ಎಂದೋ ಒಮ್ಮೆ ಇಂಥ ಡಬ್ಬ ತೆರೆದಿರಬೇಕು,
ಮೇಲೆ ಮುದ್ರೆ, ಒಳಗೆ ಗಾಳಿ.
ಎರಡು ಗಂಟೆ ಅದಕ್ಕೇ ಹೋಯಿತು.
ಸಕ್ಕರೆಯ ದೋಣಿ ಒಂದು ಕಡೆ ವಾಲಿತು.

ಆಮೇಲೆ ಇಪ್ಪತ್ತೇಳನೆಯ ಸಾಲು:
ರಾತ್ರಿ ಮೂರಕ್ಕೆ ತಂಪು ಯಂತ್ರ ನಿಲ್ಲಿಸಿ.
ಅಪಾಯದ ಗಂಟೆ ಹೊಡೆದ ಹದಿನೈದು ನಿಮಿಷದೊಳಗೆ
ಮನುಷ್ಯರೊಬ್ಬರು ಉತ್ತರಿಸಬೇಕು.

ನಿಲ್ಲಿಸಿದೆವು. ಗಂಟೆ ಹೊಡೆಯಿತು.
ಆರನೆಯ ನಿಮಿಷಕ್ಕೆ ಫೋನಿನಲ್ಲೊಂದು ಕೆಮ್ಮು,
ಕೆಮ್ಮಿನ ಹಿಂದೆ ಕುರಿಗಳು.
"ಹಾನುಸ್ ಮಾತಾಡ್ತಿರೋದು.
ನಾನು ನಿವೃತ್ತನಾಗಿ ಮೂರು ಚಳಿಗಾಲ ಆಯ್ತಲ್ಲ ಮಾರ್ಯುನ್,
ಇನ್ನೂ ಯಾಕೆ ಈ ನಂಬರಿಗೆ ಹೊಡೀತೀರಿ?
ಇರಲಿ. ಯಾವ ದೀಪ ಕೆಂಪಗಿದೆ, ಹೇಳು."

ಹೇಳಿದೆ.
"ಎಡಗಡೆ ಬೀರು, ಕೆಳಗಿನ ಖಾನೆ. ಒಂದು ಮರದ ತುಂಡಿದೆ.
ಅದನ್ನ ಬಾಗಿಲಿಗೆ ಕೊಟ್ಟು ಗಾಳಿ ಆಡೋಕೆ ಬಿಡು.
ಬಿಸಿಯಾದರೆ ಅದಕ್ಕೆ ಸಿಟ್ಟು."
ಕೈಪಿಡಿಯ ಇನ್ನೂರು ಪುಟಗಳಲ್ಲಿ
ಆ ತುಂಡಿನ ಸುದ್ದಿಯಿಲ್ಲ.
ಬೀರುವಿನಲ್ಲಿತ್ತು.
ಕೆಂಪು ಹೋಯಿತು.

ಬಾರ್ದುರ್ ಚಪ್ಪಾಳೆ ತಟ್ಟಿದ. "ಆರೇ ನಿಮಿಷ!
ಹೌದು ಅಂತ ಹಾಕು, ಕೇಕು ಕೊಯ್ಯೋಣ."
ಪೆನ್ನು ಹಿಡಿದು ಕೂತೆ.
ಉತ್ತರ ಬಂದದ್ದು ನಿಜ. ಮನುಷ್ಯನೇ, ಅದೂ ನಿಜ.
ಎಪ್ಪತ್ತೊಂದು ವರ್ಷ.
ಕುರಿ ಈಯುವ ಕಾಲವಾದ್ದರಿಂದ ಎಚ್ಚರವಿದ್ದ.
ಮುಂದಿನ ತಿಂಗಳು ಯಾವ ಕುರಿಯೂ ಈಯುವುದಿಲ್ಲ.

ಹಾನುಸ್ ಇನ್ನೂ ಫೋನಿನಲ್ಲೇ ಇದ್ದ. ಅವನನ್ನೇ ಕೇಳಿದೆ,
ಹೌದು ಅಂತ ಬರೀಲಾ, ಇಲ್ಲ ಅಂತಲಾ?
ಗಾಳಿಗೆ ಬೆನ್ನು ಕೊಟ್ಟಿರಬೇಕು, ಸ್ವಲ್ಪ ಹೊತ್ತು ಬಿಟ್ಟು
"ನಾನು ಸತ್ತಿದೀನಿ ಅಂದ್ಕೊಂಡು ಬರಿ" ಎಂದ.
ಇಟ್ಟುಬಿಟ್ಟ.

ಇಲ್ಲ ಎಂದು ಬರೆದೆ.
ಬಿಡುಗಡೆ ಹನ್ನೆರಡು ದಿನ ಮುಂದಕ್ಕೆ ಹೋಯಿತು.
ಬಾರ್ದುರ್ ಕೇಕಿಗೆ ಮುಚ್ಚಳ ಹಾಕಿದ, ಮಾತಾಡಲಿಲ್ಲ.
ಬೈಂಟಾ ಹಳೆಯ ನಂಬರು ಅಳಿಸಿ ತನ್ನದನ್ನು ಹಾಕಿದಳು,
ಆಮೇಲೆ ಯಾಕೋ ಹಳೆಯದನ್ನೂ ಕೆಳಗೆ, ಚಿಕ್ಕದಾಗಿ.

ಆರಕ್ಕೆ ಮೊದಲ ಕರೆ ಬಂತು.
ಹಳೆಯ ಯಂತ್ರವೇ ಗೊಣಗುತ್ತ ಎತ್ತಿಕೊಂಡಿತು.
ನಾನು ಕೈಪಿಡಿಗೆ ಸೇರಿಸುತ್ತಿದ್ದೆ:
ಮರದ ತುಂಡು, ಒಂದು. ಉದ್ದ ಒಂದು ಗೇಣು.
ಒಂದು ತುದಿಯಲ್ಲಿ ಹಲ್ಲಿನ ಗುರುತು,
ಯಾವುದೋ ನಾಯಿಯದು.